ಒರೆಗೆ ಹೋಗದ ಕತ್ತಿಗಳು

ಒಂದು ಹೊಳೆ, ಎರಡು ಊರು. ಹೊಳೆ ಬರುವ ದಿಕ್ಕಿನದು ಮೇಲೂರು, ಹೋಗುವ ದಿಕ್ಕಿನದು ಕೆಳಗೂರು. ಊರೆಂದರೆ ಬೀದಿ, ಕೇರಿ ಏನೂ ಇಲ್ಲ, ಒಂದೊಂದೇ ಮನೆ. ಆಳೆತ್ತರದ ಕಂಬಗಳ ಮೇಲೆ ನಿಂತ, ಈ ತುದಿಯಲ್ಲಿ ಕೂಗಿದರೆ ಆ ತುದಿಗೆ ಕೇಳಿಸದಷ್ಟು ಉದ್ದದ ಮನೆ. ಒಂದೇ ಸೂರು, ಒಂದೇ ಜಗಲಿ, ಮೂವತ್ತು ಒಲೆ. ಅಲ್ಲಿರುವವರು ದಯಾಕರು ಎಂಬ ಕಾಡಿನ ಜನ. ಅವರ ಸೊಂಟದಲ್ಲಿ ತೂಗುವ ಕತ್ತಿಗೆ ಮಂಡಾವು ಎಂದು ಹೆಸರು.

ಆ ಕತ್ತಿಯ ಅಲಗಿಗೆ ಒಂದು ಮೈ ಉಬ್ಬು, ಇನ್ನೊಂದು ಮೈ ತಗ್ಗು. ಬೆನ್ನಿನುದ್ದಕ್ಕೂ ಹಿತ್ತಾಳೆಯ ಚುಕ್ಕಿ. ಹಿಡಿ ಕಡವೆಯ ಕೊಂಬಿನದು, ಹಿಡಿಯ ತುದಿಗೆ ಕೂದಲಿನ ಕುಚ್ಚು. ಮದುವೆಯಲ್ಲಿ ಗಂಡಿನವರು ಹೆಣ್ಣಿನವರಿಗೆ ಮೊದಲು ಕೊಡುವುದು ಕತ್ತಿ. ಮಗುವಿಗೆ ಹೆಸರಿಡುವಾಗ ಹಣೆಗೆ ಮುಟ್ಟಿಸುವುದು ಕತ್ತಿ. ಸತ್ತವರ ಮಗ್ಗುಲಲ್ಲಿ ಮಲಗಿಸುವುದು ಕತ್ತಿ. ಜಗಳ ತೀರಿದ ದಿನ ಒಬ್ಬರಿಗೊಬ್ಬರು ಬದಲಿಸಿಕೊಳ್ಳುವುದೂ ಕತ್ತಿಯನ್ನೇ.

ಈ ಎರಡೂ ಊರುಗಳಲ್ಲಿ ಒಂದು ಕಟ್ಟಳೆ ಇತ್ತು. ಯಾರು ಕತ್ತಿ ಎಳೆದರೂ ಸುತ್ತಲಿದ್ದವರು ಒಂದೇ ದನಿಯಲ್ಲಿ ಕೇಳಬೇಕು: "ಯಾಕೆ ಎಳೆದೆ?" ಎಳೆದವನು ಹೇಳಬೇಕು. ಬಳ್ಳಿ ಕಡಿಯೋಕೆ ಅಂದರೆ ಬಳ್ಳಿ ಕಡಿಯಬೇಕು, ಹಂದಿ ಕೊಯ್ಯೋಕೆ ಅಂದರೆ ಹಂದಿ ಕೊಯ್ಯಬೇಕು. ಹೇಳಿದ ಕೆಲಸ ಮುಗಿದರೆ ಕತ್ತಿ ನೀರು ಜಾರಿದ ಹಾಗೆ ಒರೆಗೆ ಜಾರುತ್ತದೆ. ಮುಗಿಯದಿದ್ದರೆ ಒರೆಗೂ ಹೋಗುವುದಿಲ್ಲ, ಎಳೆದವನ ಕೈಯನ್ನೂ ಬಿಡುವುದಿಲ್ಲ. ಅದಕ್ಕೇ ಅಲ್ಲಿನ ಜನ ಮಾತು ಅಳೆದು ಆಡುತ್ತಿದ್ದರು, ಕತ್ತಿ ಅದಕ್ಕಿಂತ ಅಳೆದು ಎಳೆಯುತ್ತಿದ್ದರು.

ಕೆಳಗೂರಿನಲ್ಲಿ ಒರೆ ಮಾಡುವ ಹೆಂಗಸೊಬ್ಬಳಿದ್ದಳು. ಬುಂಗಾನ್ ಎಂದು ಹೆಸರಿತ್ತು, ಕರೆಯುವವರಿರಲಿಲ್ಲ. ಹಸುಳೆಯಿಂದ ಮುದುಕರವರೆಗೆ ಎಲ್ಲರಿಗೂ ಅವಳು ಒರೆಯಮ್ಮ. ಅಪ್ಪನಿಂದ ಕಲಿತ ಕಸುಬು. ಎರಡು ಹಲಗೆ ಕೆತ್ತಿ, ಒಂದರ ಮೇಲೊಂದು ಕೂಡಿಸಿ, ಬೆತ್ತದ ಹುರಿಯಿಂದ ಬಿಗಿಯುವುದು. ಪಕ್ಕದಲ್ಲಿ ತೊಗಟೆಯ ಒಂದು ಸಣ್ಣ ಚೀಲ ಹೊಲಿದು, ಅದರಲ್ಲಿ ಬೆರಳುದ್ದದ ಚೂರಿ ಇಡುವುದು. ಒಂದೇ ಒರೆಗೆ ಎರಡು ಕತ್ತಿ ಹಿಡಿಯುವುದಿಲ್ಲ ಎಂದು ಲೋಕವೆಲ್ಲ ಹೇಳುತ್ತದೆ. ಒರೆಯಮ್ಮ ನಗುತ್ತಿದ್ದಳು. "ಹಿಡಿಸೋಕೆ ಬರಬೇಕು, ಅಷ್ಟೇ," ಎನ್ನುತ್ತಿದ್ದಳು.

ಆ ವರ್ಷ ಸುಗ್ಗಿ ಚೆನ್ನಾಗಿತ್ತು. ಕೆಳಗೂರಿನವರು ಹಬ್ಬ ಮಾಡಿ ಮೇಲೂರಿನವರನ್ನು ಕರೆದರು. ಜಾಗಟೆ ಬಡಿದರು, ಕುಣಿದರು, ಅಕ್ಕಿಯ ಹೆಂಡವನ್ನು ಕೊಡಗಟ್ಟಲೆ ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಎರಡೂ ಊರಿನ ಯಜಮಾನರು ಒಂದೇ ಚಾಪೆಯ ಮೇಲೆ ಹೆಗಲ ಮೇಲೆ ಕೈ ಹಾಕಿಕೊಂಡು ಕೂತಿದ್ದರು. ಅಷ್ಟರಲ್ಲಿ ಮೇಲೂರಿನ ಯಜಮಾನ ತನ್ನ ಕತ್ತಿಯ ಹಿಡಿ ಸವರುತ್ತಾ ಅಂದ:

"ಇದು ಏಳು ತಲೆಮಾರಿನದು ಕಣಯ್ಯಾ. ಇಡೀ ಹೊಳೆಯಲ್ಲಿ ಇದಕ್ಕಿಂತ ಹಳೇದು ಇಲ್ಲ."

"ಏಳು ತಲೆಮಾರಿಂದ ಅದು ಹುಲ್ಲು ಕೊಯ್ತಾ ಇರಬೇಕು," ಅಂದ ಕೆಳಗೂರಿನ ಯಜಮಾನ. "ನಮ್ಮದು ಎಂಟು ತಲೆಮಾರು."

ಕೈಗಳು ಹೆಗಲಿನಿಂದ ಇಳಿದವು. ಒಬ್ಬ ಎದ್ದ, ಇನ್ನೊಬ್ಬನೂ ಎದ್ದ. ಸರ್ರನೆ ಒಂದು ಕತ್ತಿ, ಸರ್ರನೆ ಇನ್ನೊಂದು ಕತ್ತಿ. ಜಾಗಟೆ ನಿಂತಿತು. ಕಟ್ಟಳೆ ಕಟ್ಟಳೆಯೇ, ಎರಡೂ ಊರಿನವರು ಒಂದೇ ದನಿಯಲ್ಲಿ ಕೇಳಿದರು:

"ಯಾಕೆ ಎಳೆದೆ?"

"ಇವನ ತಲೆ ಈ ಅಲಗಿನ ಮುಂದೆ ಬಾಗಬೇಕು, ಅದಕ್ಕೆ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಎಷ್ಟು ಒಟ್ಟಿಗೆ ಎಂದರೆ, ಒಬ್ಬನೇ ಕೂಗಿದ ಹಾಗೆ ಕೇಳಿಸಿತು.

ಹಬ್ಬ ಮುರಿಯಿತು. ಮೇಲೂರಿನವರು ದೋಣಿ ಹತ್ತಿ ಹೋದರು. ಹೋಗುವಾಗ ಅವರ ಯಜಮಾನ ಒಂದೇ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತಿದ್ದ. ಇನ್ನೊಂದು ಕೈಯಲ್ಲಿ ಕತ್ತಿ.

ಮೊದಲ ವಾರ ಕೆಳಗೂರಿನ ಯಜಮಾನ ಹೆಮ್ಮೆಯಿಂದಲೇ ತಿರುಗಿದ. ಎರಡನೇ ವಾರ ಬೆನ್ನು ತುರಿಸಿತು. ಬಲಗೈಯಲ್ಲಿ ಕತ್ತಿ, ಎಡಗೈ ಅಲ್ಲಿಗೆ ಎಟಕದು. ಕತ್ತಿಯಿಂದಲೇ ತುರಿಸಿಕೊಳ್ಳೋಣವೆಂದರೆ ಅದು ಹೇಳಿದ ಕೆಲಸವಲ್ಲ, ಅಲಗು ಅಲುಗದು. ಹೆಂಡತಿ ತುತ್ತು ಮಾಡಿ ಬಾಯಿಗಿಟ್ಟಳು. ಸ್ನಾನಕ್ಕೆ ಇಳಿದರೆ ಕತ್ತಿಯೂ ಇಳಿಯಿತು, ಮಲಗಿದರೆ ಕತ್ತಿಯೂ ಮಲಗಿತು. ಕತ್ತಿ ಎಳೆದ ಮೂರನೆಯ ದಿನವೇ ಅವನ ಹೆಂಡತಿ ಚಾಪೆ ಸುತ್ತಿಕೊಂಡು ಜಗಲಿಯ ಆ ತುದಿಗೆ ಹೋಗಿದ್ದಳು. "ನಾನು ಮದುವೆ ಆಗಿದ್ದು ನಿಮ್ಮೊಬ್ಬರನ್ನ," ಎಂದು ಹೇಳಿ ಹೋದಳು.

ಹತ್ತು ಜನ ಸೇರಿ ಒರೆಯನ್ನು ಎದುರಿಗೆ ಹಿಡಿದು ತಳ್ಳಿದರು. ಒರೆ ಸೀಳಿತು, ಕತ್ತಿ ಹೋಗಲಿಲ್ಲ.

"ನಮ್ಮಪ್ಪ ಮಾಡಿದ ಒರೆ!" ಎಂದು ಒರೆಯಮ್ಮ ಚೂರುಗಳನ್ನು ಆರಿಸಿಕೊಂಡಳು. "ಕತ್ತಿ ಹೋಗದಿದ್ರೆ ಒರೆ ಏನು ಮಾಡುತ್ತೆ? ತಳ್ಳಬೇಕಾದ್ದು ಬೇರೆ ಏನನ್ನೋ."

"ಏನನ್ನ ತಳ್ಳಬೇಕು, ಒರೆಯಮ್ಮ?" ಅಂದ ಯಜಮಾನ.

"ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ, ಯಜಮಾನ್ರೇ. ಹೊಸ ಒರೆ ಮಾಡ್ತೀನಿ, ಬಿಡಿ."

ನಗುವವರು ನಕ್ಕರು. ನಾಲ್ಕು ಹುಣ್ಣಿಮೆ ಕಳೆಯುವ ಹೊತ್ತಿಗೆ ನಗು ಕಡಿಮೆಯಾಯಿತು. ಹಿರಿಯರ ಕತ್ತಿ ಬತ್ತಲೆ ನಿಂತಿರುವಾಗ ಕುಲುಮೆಗೆ ಬೆಂಕಿ ಇಡುವಂತಿಲ್ಲ, ಅದೂ ಕಟ್ಟಳೆ. ಎರಡೂ ಊರಿನ ಕಮ್ಮಾರರು ತಿದಿಯ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಕುಮರಿ ಕಡಿಯುವ ಕಾಲ ಬಂತು. ಕಾಡು ಕಡಿದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ಬತ್ತ ಬಿತ್ತಬೇಕು. ಕೊಡಲಿಗಳೆಲ್ಲ ಮೊಂಡು, ಹಲ್ಲು ಮುರಿದವು. ಹದ ಹಾಕಿಕೊಡುವವರಿಲ್ಲ. ಈ ಸಲ ಬಿತ್ತದಿದ್ದರೆ ಬರುವ ವರ್ಷ ಮೂವತ್ತು ಒಲೆಯೂ ತಣ್ಣಗೆ.

ಹರೆಯದವರು ಜಗಲಿಯಲ್ಲಿ ಗುಂಪು ಕೂಡತೊಡಗಿದರು. ಒರೆಯಮ್ಮ ಬೆತ್ತ ಸೀಳುತ್ತಾ ಕೂತಿದ್ದಾಗ ಅವರ ಮಾತು ಕಿವಿಗೆ ಬಿತ್ತು.

"ತಲೆ ಬಾಗಬೇಕು ತಾನೇ? ಕಡಿದ ತಲೆ ಬಾಗದೆ ಇನ್ನೇನು ಮಾಡುತ್ತೆ?"

"ಹುಣ್ಣಿಮೆ ಕಳೆದ ಮೂರನೇ ದಿನ ದೋಣಿ ಇಳಿಸೋಣ."

ಒರೆಯಮ್ಮನ ಕೈಯಲ್ಲಿದ್ದ ಬೆತ್ತ ಅಡ್ಡಕ್ಕೆ ಸೀಳಿತು. ನಲವತ್ತು ವರ್ಷದಲ್ಲಿ ಅವಳ ಕೈಯಲ್ಲಿ ಬೆತ್ತ ಹಾಗೆ ಸೀಳಿದ್ದಿಲ್ಲ. ಆ ಹುಡುಗರು ನಾಳೆ ಎಳೆಯುವ ಒಂದೊಂದು ಕತ್ತಿಯ ಒರೆಯನ್ನೂ ಅವಳೇ ಮಾಡಿದ್ದಳು. ಎಲ್ಲರೂ "ಯಾಕೆ ಎಳೆದೆ" ಎಂದು ಕೇಳುತ್ತಾರೆ, ಅವರು ಉತ್ತರ ಹೇಳುತ್ತಾರೆ, ಆಮೇಲೆ ಆ ಕತ್ತಿಗಳು ಸುಲಭವಾಗಿ ಒರೆಗೆ ಜಾರುತ್ತವೆ.

ಮರುದಿನ ಬೆಳಿಗ್ಗೆಯೇ ಅವಳು ಸಣ್ಣ ದೋಣಿ ಬಿಚ್ಚಿ ಹೊಳೆಯ ನಡುವಿನ ಬಂಡೆಗೆ ಹೋದಳು. ಮೇಲೂರಿನಲ್ಲಿ ಬೆತ್ತ ಕೊಯ್ಯುವ ಮುದುಕಿಯೊಬ್ಬಳಿದ್ದಳು, ಬೆತ್ತದಜ್ಜಿ ಎಂದೇ ಹೆಸರು. ಇಬ್ಬರೂ ಬಾಲ್ಯದಿಂದ ಗೆಳತಿಯರು. ಊರುಗಳು ಜಗಳವಾಡಿದರೂ ಒರೆಗೆ ಬೆತ್ತ ಬೇಡವೇ? ಹತ್ತು ದಿನಕ್ಕೊಮ್ಮೆ ಆ ಬಂಡೆಯ ಮೇಲೆ ಬೆತ್ತದ ಕಟ್ಟು ಈ ಕಡೆ, ಉಪ್ಪಿನ ಗಂಟು ಆ ಕಡೆ, ಊರಿನ ಸುದ್ದಿ ಎರಡೂ ಕಡೆ. ಅಂದು ಆ ಸರದಿಯ ದಿನ.

"ನಿಮ್ಮೋನು ಹೇಗಿದಾನೆ?" ಕೇಳಿದಳು ಒರೆಯಮ್ಮ.

"ಹೇಗಿರ್ತಾನೆ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂಗಿನ ಮೇಲೆ ನೊಣ ಕೂತ್ರೆ ಓಡಿಸೋಕೂ ಆಳು ಬೇಕು," ಎಂದು ಬೆತ್ತದಜ್ಜಿ ಗೊಗ್ಗರು ದನಿಯಲ್ಲಿ ನಕ್ಕಳು. ಆಮೇಲೆ ನಗು ಬಿಟ್ಟು ಅಂದಳು: "ನಮ್ಮ ಹುಡುಗ್ರೂ ಮಾತಾಡ್ಕೊಳ್ತಾ ಇದಾರೆ ಕಣೇ."

"ಯಾವತ್ತು?"

"ಹುಣ್ಣಿಮೆ ಕಳೆದ ಮೂರನೇ ದಿನ."

ಒರೆಯಮ್ಮ ಬೆತ್ತದ ಕಟ್ಟು ಎತ್ತಿ ದೋಣಿಗಿಟ್ಟಳು.

"ಅತಿಥಿ ಬಂದ್ರೆ ದೋಣಿಗಟ್ಟೆಯಲ್ಲಿ ಅಡ್ಡಮರ ಹಾಕ್ತೀವಲ್ಲ," ಅಂದಳು ಒರೆಯಮ್ಮ ನಿಧಾನವಾಗಿ.

ಅದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ದೊಡ್ಡ ಅತಿಥಿ ಬಂದರೆ ದಾರಿಗೆ ಅಡ್ಡ ಒಂದು ಮರದ ದಿಮ್ಮಿ. ಯಾರು, ಎಲ್ಲಿಂದ, ಏನು ಬೇಕು ಎಂದು ಮನೆಯವರು ಕೇಳಬೇಕು. ಅತಿಥಿ ಉತ್ತರ ಹೇಳುತ್ತಾ ತನ್ನ ಕತ್ತಿಯಿಂದ ದಿಮ್ಮಿ ಕಡಿಯಬೇಕು. ಮರ ತುಂಡಾದರೆ ಅತಿಥಿ ಒಳಗೆ. ಅಲ್ಲಿಯವರೆಗೆ ಅವನಿಗೂ ಊಟವಿಲ್ಲ, ಮನೆಯವರಿಗೂ ಊಟವಿಲ್ಲ.

"ಆ ಮರ ಮೊಣಕಾಲಿಗಿಂತ ಕೆಳಗಿದ್ರೆ?" ಅಂದಳು ಒರೆಯಮ್ಮ. "ಕಬ್ಬಿಣಮರ ಆದ್ರೆ? ನಿಮ್ಮೋನಿಗೆ ಒಬ್ಬನಿಗೇ ಕಡಿಯೋಕಾಗದೆ, ಹೊಟ್ಟೆ ಹಸಿದು, ನಮ್ಮೋನೂ ಆ ಕಡೆಯಿಂದ ಕಡಿಯೋಕೆ ಬಂದ್ರೆ?"

ಬೆತ್ತದಜ್ಜಿ ಬಾಯಿ ತೆರೆದು, ಮುಚ್ಚಿ, ತೊಡೆ ತಟ್ಟಿದಳು. "ಎರಡು ತಲೆನೂ ಬಾಗುತ್ತೆ! ತಲೆ ಬಾಗಿಸೋಕೇ ಅಂದ್ರೆ ಕತ್ತಿನೂ ಮರದ ಮೇಲೆ ಅಲುಗುತ್ತೆ! ಆದ್ರೆ ಕಬ್ಬಿಣಮರ ಕಡಿಯೋಕೆ ಈಗ ಯಾರ ಕೊಡಲಿಗೆ ಹಲ್ಲಿದೆ?"

"ಕಡಿದದ್ದು ಒಂದಿದೆ. ನನ್ನ ಮನೆಯ ಕೆಳಗೆ."

ಆ ದಿಮ್ಮಿ ಯಾವುದೆಂದು ಬೆತ್ತದಜ್ಜಿಗೆ ಗೊತ್ತಿತ್ತು. ಒರೆಯಮ್ಮನ ಗಂಡ ಸಾಯುವ ಮೊದಲು ಕಾಡಿನಿಂದ ಎರಡು ಕಬ್ಬಿಣಮರದ ದಿಮ್ಮಿ ಎಳೆದು ತಂದಿದ್ದ. ಒಂದನ್ನು ಕೊರೆದು ಶವಪೆಟ್ಟಿಗೆ ಮಾಡಿ ಅವನನ್ನು ಮಲಗಿಸಿದ್ದರು. ಇನ್ನೊಂದು ಅವಳಿಗೆಂದು ಇತ್ತು.

"ಅದನ್ನ ಕೊಟ್ರೆ ನೀನು ಸಾಯೋದು ಹೇಗೆ?"

"ಸಾಯೋದಿಲ್ಲ, ಅಷ್ಟೇ," ಅಂದಳು ಒರೆಯಮ್ಮ. ಇಬ್ಬರೂ ನಕ್ಕರು. ನಗುವಾಗ ಬೆತ್ತದಜ್ಜಿ ಅವಳ ಮೊಣಕೈ ಹಿಡಿದುಕೊಂಡಿದ್ದಳು.

ಬೆತ್ತದಜ್ಜಿ ಹೋಗಿ ತನ್ನ ಯಜಮಾನನ ಕಿವಿಯಲ್ಲಿ ಹೇಳಿದಳು: "ನಿಮ್ಮ ಕೈಯಲ್ಲಿ ಕೆಳಗೂರಿನ ಅಡ್ಡಮರ ಕಡಿಯೋಕಾಗಲ್ಲ ಅಂತ ಅವರು ಹೇಳ್ಕೊಂಡು ನಗ್ತಾ ಇದಾರಂತೆ." ಒರೆಯಮ್ಮ ಬಂದು ತನ್ನ ಯಜಮಾನನ ಕಿವಿಯಲ್ಲಿ ಹೇಳಿದಳು: "ಕರೆದ್ರೆ ಅವನು ಬರ್ತಾನಂತೆ. ಮರ ಕೆಳಗೆ ಹಾಕಿದ್ರೆ ಬಾಗದೆ ಎಲ್ಲಿಗೆ ಹೋಗ್ತಾನೆ?" ಅವನ ಕಣ್ಣು ಹೊಳೆಯಿತು. ಆಮಂತ್ರಣ ಹೋಯಿತು. ಹುಣ್ಣಿಮೆಯ ದಿನವೇ ನಿಗದಿಯಾಯಿತು.

ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಮೇಲೂರಿನ ಹನ್ನೆರಡು ದೋಣಿ ಬಂದು ನಿಂತವು. ದೋಣಿಗಟ್ಟೆಯಲ್ಲಿ ಕರಿಯ ದಿಮ್ಮಿ ಅಡ್ಡ ಮಲಗಿತ್ತು, ಕಣಕಾಲಿನ ಎತ್ತರಕ್ಕೆ. ಈ ಕಡೆ ಕೆಳಗೂರಿನ ಯಜಮಾನ, ಮಂಗಟ್ಟೆ ಹಕ್ಕಿಯ ಗರಿ ತಲೆಗೆ ಸಿಕ್ಕಿಸಿ, ಕೋಲು ನುಂಗಿದವನಂತೆ ನೆಟ್ಟಗೆ. ಆ ಕಡೆ ಮೇಲೂರಿನ ಯಜಮಾನ, ಅಷ್ಟೇ ನೆಟ್ಟಗೆ. ಎರಡೂ ಊರಿನ ಹುಡುಗರ ಕೈ ಸೊಂಟದ ಮೇಲೆ. ಕೇಳುವ ಹಕ್ಕು ಹಿರಿಯಳಾದ ಒರೆಯಮ್ಮನದು. ಹೊಸ ಒರೆ ಮಡಿಲಲ್ಲಿಟ್ಟುಕೊಂಡು ಅವಳು ಕೂಗಿದಳು:

"ಯಾರು?"

"ಮೇಲೂರಿನ ಯಜಮಾನ!" ಒಂದು ಏಟು. ಮರದಿಂದ ಕಿಡಿ ಹಾರಿತು.

"ಎಲ್ಲಿಂದ?"

"ಹೊಳೆ ಹುಟ್ಟೋ ಕಡೆಯಿಂದ!" ಇನ್ನೊಂದು ಏಟು.

"ಏನು ಬೇಕು?"

"ನಿಮ್ಮ ಯಜಮಾನನ ತಲೆ ಬಾಗಬೇಕು!"

"ಮೊದಲು ಮರ ಬಾಗಿಸಯ್ಯಾ," ಅಂದ ಕೆಳಗೂರಿನ ಯಜಮಾನ. ಎಲ್ಲರೂ ನಕ್ಕರು, ಮೇಲೂರಿನವರೂ ಸ್ವಲ್ಪ ನಕ್ಕರು.

ಮೇಲೂರಿನ ಯಜಮಾನನಿಗೆ ಹೂಟ ತಿಳಿಯದೇ ಇರಲಿಲ್ಲ. ಬೆನ್ನು ಬಗ್ಗಿಸದೆ ಕಡಿಯಲು ನೋಡಿದ. ಮಂಡಿ ಮಡಿಸಿದ, ಕಾಲು ಅಗಲಿಸಿದ, ಕತ್ತು ಮಾತ್ರ ನೆಟ್ಟಗೆ ಇಟ್ಟು ಎಲ್ಲೋ ಆಕಾಶ ನೋಡುತ್ತಾ ಬೀಸಿದ. ಏಟುಗಳು ಜಾರಿದವು. ಹೊತ್ತು ನೆತ್ತಿಗೇರಿತು. ಒಳಗೆ ಹಂದಿಯ ಮಾಂಸ ಆರುತ್ತಿತ್ತು. ಬೆವರು ಅವನ ಕಣ್ಣಿಗಿಳಿಯಿತು. ಮರ ಕಡಿಯುವವನು ಮರ ನೋಡಲೇಬೇಕು. ಸಿಟ್ಟಿನಲ್ಲಿ ಅವನಿಗೆ ಉಳಿದದ್ದೆಲ್ಲ ಮರೆತುಹೋಯಿತು. ಬಗ್ಗಿದ, ಎರಡೂ ಕೈಯಲ್ಲಿ ಹಿಡಿದ, ಬೀಸಿದ. ಅವನ ನೆತ್ತಿ ಕೆಳಗೂರಿನ ಯಜಮಾನನ ಅಲಗಿನ ನೇರಕ್ಕೆ ಬಂತು.

ಆ ಕ್ಷಣವೇ ಕೆಳಗೂರಿನ ಯಜಮಾನನ ಬೆರಳುಗಳು ಸಡಿಲವಾದವು.

ಒರೆಯಮ್ಮ ಅದನ್ನು ಕಂಡಳು. ಇವನೂ ಬಗ್ಗುವ ತನಕ ಏನೂ ಆಗದು ಎಂದುಕೊಂಡಿದ್ದಳು. ಇದನ್ನು ಲೆಕ್ಕ ಹಾಕಿರಲಿಲ್ಲ. ಇವನ ಕೆಲಸ ಮುಗಿಯಿತು. ಇವನು ಈಗ ಕತ್ತಿ ಒರೆಗೆ ಸೇರಿಸಿ ಗೆದ್ದೆ ಎನ್ನಬಹುದು. ಸೋತವನ ಕೈಯಲ್ಲಿ ಬತ್ತಲೆ ಕತ್ತಿ ಹಾಗೇ ಉಳಿಯುತ್ತದೆ. ಆಮೇಲೆ ಮೂರನೇ ದಿನದವರೆಗೂ ಯಾರು ಕಾಯುತ್ತಾರೆ?

ಕೆಳಗೂರಿನವರು ಹೋ ಎಂದು ಕೂಗಿದರು. ಯಜಮಾನ ಎಡಗೈ ಚಾಚಿದ.

"ಒರೆ ಕೊಡು, ಒರೆಯಮ್ಮ."

ಅವಳು ಕೊಡಲೇಬೇಕಿತ್ತು. ಎದ್ದು ಹೋಗಿ ಕೊಟ್ಟಳು. ಕೊಡುವಾಗ ಮಾತ್ರ ಹೇಳಿದಳು: "ಯಜಮಾನ್ರೇ, ಅವರ ಕೈ ನೋಡಿ."

ಅವನು ನೋಡಿದ. ಆ ಕೈ ಊದಿತ್ತು. ಹೆಬ್ಬೆರಳಿನ ಬುಡದಲ್ಲಿ ಹುಣ್ಣು, ಹುಣ್ಣಿಗೆ ಸುತ್ತಿದ ಎಲೆ, ಎಲೆ ಜಾರದಂತೆ ಕಟ್ಟಿದ ನಾರು. ಅವನು ತನ್ನ ಕೈ ನೋಡಿಕೊಂಡ. ಅದೇ ಜಾಗದಲ್ಲಿ ಅದೇ ಹುಣ್ಣು, ಅದೇ ಎಲೆ, ಅದೇ ನಾರು. ನಾಲ್ಕು ತಿಂಗಳು ಈ ನೋವು ಏನೆಂದು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೂ ಅರ್ಥವಾಗುವುದು ಹೊಳೆಯುದ್ದಕ್ಕೂ ಒಬ್ಬನಿಗೆ ಮಾತ್ರ. ಆ ಒಬ್ಬ ಇಲ್ಲಿ ಬಗ್ಗಿ ಏದುಸಿರು ಬಿಡುತ್ತಿದ್ದ.

"ಎಡಮಗ್ಗುಲಲ್ಲಿ ಮಲಗ್ತೀಯಾ?" ಎಂದು ಕೇಳಿದ ಕೆಳಗೂರಿನ ಯಜಮಾನ.

ಮೇಲೂರಿನವನು ತಲೆಯೆತ್ತಿದ. "ಮತ್ತಿನ್ನು ಹೇಗೆ?"

"ನಾನೂ ಹಾಗೇ. ಹೆಂಡತಿ?"

"ಜಗಲಿಗೆ ಹೋದಳು."

ಕೆಳಗೂರಿನ ಯಜಮಾನ ಒರೆಯನ್ನು ಒರೆಯಮ್ಮನಿಗೇ ವಾಪಸು ಕೊಟ್ಟ. ಗರಿ ತೆಗೆದು ಹೆಂಡತಿಯ ಕೈಗಿಟ್ಟ. ಸಡಿಲವಾಗಿದ್ದ ಬೆರಳುಗಳನ್ನು ಮತ್ತೆ ಹಿಡಿಯ ಸುತ್ತ ಬಿಗಿದ. ದಿಮ್ಮಿಯ ಈ ಕಡೆ ಬಂದು, ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಎದುರಿನವನ ಅಲಗಿನ ಕೆಳಗೇ ತಲೆಯಿಟ್ಟು ಬೀಸಿದ.

ಒಂದು ಏಟು ಆ ಕಡೆಯಿಂದ, ಒಂದು ಏಟು ಈ ಕಡೆಯಿಂದ. ಅವನು ಎತ್ತಿದಾಗ ಇವನು ಇಳಿಸಿದ, ಇವನು ಎತ್ತಿದಾಗ ಅವನು ಇಳಿಸಿದ. ಮೇಲೂರಿನವನ ಬೆರಳೂ ಆಗಲೇ ಸಡಿಲವಾಗಿತ್ತು, ಅವನು ಗಮನಿಸಲೇ ಇಲ್ಲ. ಯಾರೋ ಏಟಿಗೆ ಸರಿಯಾಗಿ ಜಾಗಟೆ ಬಡಿದರು. ಹುಡುಗರ ಕೈ ಸೊಂಟದಿಂದ ಇಳಿದು, ತಾಳ ಹಾಕಲು ಶುರುಮಾಡಿತ್ತು. ಒರೆಯಮ್ಮ ತನ್ನ ದಿಮ್ಮಿಯೊಳಗಿನ ಕೆಂಪು ಚಕ್ಕೆಗಳು ಹಾರುವುದನ್ನು ನೋಡುತ್ತಾ ಕೂತಳು. ಗಂಡ ಇದನ್ನು ಕಂಡಿದ್ದರೆ ಬೈಯುತ್ತಿದ್ದ, ಆಮೇಲೆ ತಾನೂ ಒಂದು ಏಟು ಹಾಕುತ್ತೇನೆ ಎಂದು ಎದ್ದುಬಿಡುತ್ತಿದ್ದ.

ಮರ ತುಂಡಾಯಿತು. ಎರಡು ಕತ್ತಿಗಳೂ ಒರೆಗೆ ಹೋದವು, ನೀರು ಜಾರಿದ ಹಾಗೆ. ಇಬ್ಬರು ಯಜಮಾನರೂ ಬರಿಗೈಯನ್ನು ಬಿಸಿಲಿಗೆ ಹಿಡಿದು ಬೆರಳು ಮಡಿಸಿದರು, ಬಿಡಿಸಿದರು. ಆಮೇಲೆ ಇಬ್ಬರೂ ಒಟ್ಟಿಗೆ ಬೆನ್ನು ತುರಿಸಿಕೊಂಡರು.

ಊಟವಾಯಿತು. ಪದ್ಧತಿಯಂತೆ ಕತ್ತಿ ಬದಲಾಯಿತು. ಏಳು ತಲೆಮಾರಿನದು ಈ ಕಡೆಗೆ, ಎಂಟು ತಲೆಮಾರಿನದು ಆ ಕಡೆಗೆ. ಕಮ್ಮಾರ ಉಣ್ಣುವ ಮೊದಲೇ ಓಡಿ ಕುಲುಮೆಗೆ ಬೆಂಕಿ ಇಟ್ಟು ಬಂದಿದ್ದ. ಜಗಲಿಯ ಅಂಚಿನಲ್ಲಿ ಬೆತ್ತದಜ್ಜಿಯ ಪಕ್ಕ ಕೂತು ಒರೆಯಮ್ಮ ಕೈ ತೊಳೆಯುತ್ತಿದ್ದಳು. ಕೆಳಗೂರಿನ ಯಜಮಾನ ತನಗೆ ಬಂದ ಹಳೆಯ ಕತ್ತಿಯನ್ನು ಒರೆ ಸಮೇತ ತಂದು ಅವಳ ಮುಂದೆ ಹಿಡಿದ.

"ಒರೆಯಮ್ಮ, ಇಷ್ಟು ವರ್ಷ ಒರೆ ಮಾಡಿದೆ. ಒಂದು ಸಲವಾದ್ರೂ ಎಳೆದಿದೀಯಾ?"

"ನನಗ್ಯಾಕೆ, ಯಜಮಾನ್ರೇ? ಇನ್ನೂ ಒರೆ ಕಾಣದ ಹೊಸ ಅಲಗನ್ನ ದಿನಾ ಮುಟ್ತೀನಿ. ಎಳೆಯೋದು ಎಳೆಯೋರ ಕೆಲಸ."

"ಇವತ್ತು ಎಳಿ."

ಅವಳು ಬೆತ್ತದಜ್ಜಿಯ ಮುಖ ನೋಡಿದಳು. ಬೆತ್ತದಜ್ಜಿ ಗಲ್ಲ ಎತ್ತಿ ಹೂಂ ಎಂದಳು. ಒರೆಯಮ್ಮ ಉಟ್ಟ ಬಟ್ಟೆಗೆ ಕೈ ಒರೆಸಿ, ಹಿಡಿ ಹಿಡಿದು, ಎಳೆದಳು. ಅಲಗು ಹೊರಬಂದ ಸದ್ದಿಗೆ ಜಗಲಿಯುದ್ದಕ್ಕೂ ಜನ ತಿರುಗಿದರು. ಇನ್ನೂ ಬಾಯಲ್ಲಿ ಅನ್ನವಿದ್ದವರೂ ಸೇರಿ ಕೇಳಿದರು:

"ಯಾಕೆ ಎಳೆದೆ?"

ಒರೆಯಮ್ಮನಿಗೆ ಕಡಿಯಲು ಬಳ್ಳಿಯಿಲ್ಲ, ಕೊಯ್ಯಲು ಹಂದಿಯಿಲ್ಲ, ಬಾಗಿಸಲು ಯಾರ ತಲೆಯೂ ಬೇಕಿರಲಿಲ್ಲ. ಬೆತ್ತದಜ್ಜಿ ಪಿಸುಗುಟ್ಟಿದಳು, "ಏನಾದ್ರೂ ಹೇಳೇ, ಕೈ ಅಂಟಿಕೊಂಡೀತು."

ಸಂಜೆಯ ಬಿಸಿಲು ಅಲಗಿನ ಮೇಲೆ ಬಿದ್ದಿತ್ತು. ಏಳು ತಲೆಮಾರು ಮಸೆದು ಮಸೆದು ಕಬ್ಬಿಣ ಹೊಳೆಯ ನೀರಿನ ಬಣ್ಣಕ್ಕೆ ತಿರುಗಿತ್ತು. ಉಬ್ಬಿನ ಮೈಯಲ್ಲಿ ಬೆಳಕು ಹರಿದು ಹೋಗುತ್ತಿತ್ತು, ತಗ್ಗಿನ ಮೈಯಲ್ಲಿ ಬೆಳಕು ನಿಲ್ಲುತ್ತಿತ್ತು. ಹಿತ್ತಾಳೆಯ ಚುಕ್ಕಿಗಳ ಸಾಲಿನಲ್ಲಿ, ಯಾರೋ ಕಮ್ಮಾರ, ಹೆಸರು ಮರೆತುಹೋದವನು, ಒಂದೇ ಒಂದು ಚುಕ್ಕಿಯನ್ನು ಸ್ವಲ್ಪ ಓರೆಯಾಗಿ ಕೂರಿಸಿದ್ದ.

"ನೋಡೋಕೆ," ಅಂದಳು ಒರೆಯಮ್ಮ. "ನೋಡೋಕೆ ಎಳೆದೆ."

ಹಾಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅವಳು ಕತ್ತಿಯನ್ನು ಈ ಮಗ್ಗುಲು ತಿರುಗಿಸಿದಳು, ಆ ಮಗ್ಗುಲು ತಿರುಗಿಸಿದಳು. ಮೇಲೂರಿನ ಯಜಮಾನ ಹತ್ತಿರ ಬಂದು ಬಗ್ಗಿದ. ತನ್ನದೇ ಕತ್ತಿಯಾಗಿದ್ದರೂ ಆ ಓರೆ ಚುಕ್ಕಿಯನ್ನು ಅವನು ಎಂದೂ ಕಂಡಿರಲಿಲ್ಲ. ಕೆಳಗೂರಿನ ಯಜಮಾನ ಬಗ್ಗಿದ. ಹುಡುಗರು ಬಂದರು, ಹೆಂಗಸರು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು. ಯಾರೂ ಅವಸರ ಮಾಡಲಿಲ್ಲ. ಒರೆಯಮ್ಮನಿಗೆ ನೋಡಿ ತೃಪ್ತಿಯಾಗುವವರೆಗೆ ಕತ್ತಿ ಹೊರಗೇ ಇತ್ತು.